ಬಲ್ದಾರೆಸ್ ಸಾಯಲೊಪ್ಪದ ಮಧ್ಯಾಹ್ನ

ಆ ಭಾನುವಾರದ ಮಧ್ಯಾಹ್ನ, ಟೊರಾಂಟೊದ ರೆಕ್ಸ್‌ಡೇಲಿನ ಸಮುದಾಯ ಭವನದ ವೇದಿಕೆಯ ಮೇಲೆ ಹೆರೊನಿಮೊ ಬಲ್ದಾರೆಸ್ ಸಾಯಬೇಕಾಗಿತ್ತು. ಭಾಗವತರು ಅವನ ಸಾವಿನ ಪದ್ಯವನ್ನು ಮತ್ತೆ ಮತ್ತೆ ಎತ್ತಿಕೊಂಡರು. ಅವನು ಸಾಯಲು ಒಪ್ಪಲಿಲ್ಲ. ಮುಂದೆ ಆದದ್ದಕ್ಕೆಲ್ಲ ಮೂಲ ಅದೇ. ಬಲ್ದಾರೆಸ್ ಆಗಿ ಕುಳಿತಿದ್ದವನು ಅಕ್ಷತ್.

ಬಲ್ದಾರೆಸ್ ಹತ್ತೊಂಬತ್ತನೆಯ ಶತಮಾನದ ರಾಜಕಾರಣಿ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ನಡುವೆ ಆಗ ಅಲ್ತಮಾರ್ಕಾ ಎಂಬ ಪುಟ್ಟ ಗಣರಾಜ್ಯವಿತ್ತು. ಅಕ್ಕಪಕ್ಕದ ದೇಶಗಳು ಮುಂದೆ ಅದನ್ನು ಹರಿದು ಹಂಚಿಕೊಂಡದ್ದರಿಂದ ಇಂದಿನ ನಕಾಶೆಯಲ್ಲಿ ಅದು ಸಿಗುವುದಿಲ್ಲ. ಅದರ ಸಂವಿಧಾನ ಬರೆದವನೂ ಅವನೇ, ಅದರ ಅರ್ಧದಷ್ಟು ಗೋರಿಗಳನ್ನು ತೋಡಿಸಿದವನೂ ಅವನೇ ಎಂದು ಆ ಕಡೆಯವರು ಹೇಳುತ್ತಾರೆ. ಇಂಥವನು ಟೊರಾಂಟೊ ಸುತ್ತಮುತ್ತಲಿನ ತುಳುವರ ತಾಳಮದ್ದಳೆಗೆ ಬಂದು ಸೇರಿದ್ದು ಒಂದು ಕೋಳಿ ಕಾರ್ಖಾನೆಯ ಊಟದ ಮೇಜಿನಿಂದ.

ಅಕ್ಷತ್ ಆ ಕಾರ್ಖಾನೆಯಲ್ಲಿ ಮಾಂಸದ ಗುಣಮಟ್ಟ ಪರೀಕ್ಷಿಸುವವನು. ಅಲ್ಲಿ ಕೋಳಿಗಳು ಚಲಿಸುವ ಸರಪಳಿಯಿಂದ ತಲೆಕೆಳಗಾಗಿ ತೂಗುತ್ತ ಸಾಲಾಗಿ ಬರುತ್ತವೆ. ತಿರುಗುವ ಅಲಗು ಕತ್ತು ಕೊಯ್ಯುತ್ತದೆ. ನೆಲದ ಕಾಲುವೆಗೆ ರಕ್ತ ಇಳಿಯುತ್ತದೆ. ಸರಪಳಿಯ ಮುಂದಿನ ತುದಿಯಲ್ಲಿ ಕೀಲು ಬಿಡಿಸುವವರು ನಿಂತಿರುತ್ತಾರೆ. ಅವರಲ್ಲಿ ಎವುಸೇಬಿಯೊ ಒಬ್ಬ. ಅವನಿಗೆ ಚಾಕು ಬೇಕಾಗುತ್ತಿದ್ದದ್ದು ಚರ್ಮಕ್ಕೆ ಮಾತ್ರ. ಹೆಬ್ಬೆರಳಿನಿಂದ ಒಮ್ಮೆ ಒತ್ತಿ ತಿರುವಿದರೆ ಟಕ್ಕೆಂದು ತೊಡೆ ಸೊಂಟದಿಂದ ಬೇರೆಯಾಗುತ್ತಿತ್ತು.

ಕಳೆದ ಚಳಿಗಾಲ ಅಲಗಿನ ಬಳಿ ಪರೀಕ್ಷೆಗೆಂದು ನಿಂತಿದ್ದಾಗ ಅಕ್ಷತನ ಬಲಗೈಯ ಗ್ಲೌಸು ಸರಪಳಿಯ ಕೊಕ್ಕೆಗೆ ಸಿಕ್ಕಿಕೊಂಡಿತು. ಕೊಕ್ಕೆ ಅವನನ್ನು ಅಲಗಿನ ಕಡೆಗೆ ಎಳೆಯತೊಡಗಿತು. ಅವನು ಕಿರುಚಿದ್ದು ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಊಟಕ್ಕೆಂದು ಆ ದಾರಿಯಾಗಿ ಹೊರಟಿದ್ದ ಎವುಸೇಬಿಯೊ ಹಾರಿ ಬಂದು, ಚಾಕುವಿನಿಂದ ಗ್ಲೌಸನ್ನು ಮಣಿಕಟ್ಟಿನವರೆಗೆ ಸೀಳಿ, ಕೈಯನ್ನು ಹಿಂದಕ್ಕೆ ಜಗ್ಗಿದ. ಬರಿಯ ಗ್ಲೌಸು ಅಲಗಿನೊಳಗೆ ಹೋಗಿ ಚಿಂದಿಯಾಯಿತು. ಆ ರಭಸದಲ್ಲಿ ಅಲಗಿನ ಅಂಚು ಎವುಸೇಬಿಯೊನ ಮುಂಗೈಯನ್ನು ಸವರಿತು. ಮಾಂಸ ತುಟಿಗಳಂತೆ ಬಾಯಿ ಬಿಟ್ಟಿತು. ಅವನು ಅದನ್ನು ಇನ್ನೊಂದು ಕೈಯಿಂದ ಮುಚ್ಚಿ ಹಿಡಿದು ಕೇಳಿದ್ದು ಒಂದೇ: "ಬೆರಳುಗಳನ್ನು ಆಡಿಸು. ಎಲ್ಲವೂ ಆಡುತ್ತವೆಯೋ?"

ಎಲ್ಲವೂ ಆಡಿದವು.

ಅಂದಿನಿಂದ ಇಬ್ಬರೂ ಒಂದೇ ಮೇಜಿನಲ್ಲಿ ಊಟ ಮಾಡತೊಡಗಿದರು. ಒಮ್ಮೆ ಅಕ್ಷತ್ ಉಪ್ಪು ಕೇಳಿದಾಗ ಎವುಸೇಬಿಯೊ ಡಬ್ಬಿಯನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟು ಮುಂದಕ್ಕೆ ತಳ್ಳಿದ. ಅಕ್ಷತನಿಗೆ ನಗು ಬಂತು. "ನಮ್ಮ ಮನೆಯಲ್ಲೂ ಹಾಗೆಯೇ. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಅನ್ನುತ್ತಾರೆ. ನಿಮ್ಮಲ್ಲಿ ಯಾಕೆ?"

ಎವುಸೇಬಿಯೊ ತಟ್ಟೆಯ ಕಡೆಗೇ ನೋಡುತ್ತ, ತನ್ನ ಕುಟುಂಬ ಹೊರಗಿನವರಿಗೆ ಹೇಳದ ಕತೆಯನ್ನು ಹೇಳಿದ. ಬಲ್ದಾರೆಸನ ಸೈನ್ಯ ಉಪ್ಪಿನ ಕಣಿವೆಗೆ ನುಗ್ಗಿದ ದಿನ ಅವನ ಪೂರ್ವಜೆಯೊಬ್ಬಳು ಕೂಸಿನೊಂದಿಗೆ ಉಪ್ಪಿನ ಗುಂಡಿಯಲ್ಲಿ ಅಡಗಿ ಕುಳಿತಿದ್ದಳು. ಮೇಲೆ ಸೈನಿಕರ ಬೂಟುಗಳ ಸದ್ದು. ಕೂಸು ಅಳಬಾರದೆಂದು ಅವಳು ಉಪ್ಪು ಮೆತ್ತಿದ ಅಂಗೈಯನ್ನು ಅದರ ಬಾಯಿಗೆ ಒತ್ತಿ ಹಿಡಿದಳು. ಸದ್ದು ದೂರವಾಗಿ ಅವಳು ಕೈ ತೆಗೆದಾಗ ಕೂಸು ತಣ್ಣಗಾಗಿತ್ತು. ಅವಳು ಬದುಕಿದಳು, ಮತ್ತೆ ಮಕ್ಕಳನ್ನು ಹೆತ್ತಳು; ಆದರೆ ಆ ಕೈಯಿಂದ ಯಾರಿಗೂ ಉಪ್ಪು ಕೊಡಲಿಲ್ಲ. ಅವಳ ವಂಶದವರು ಇಂದಿಗೂ ಕೊಡುವುದಿಲ್ಲ.

ಬಲ್ದಾರೆಸನ ಬಗ್ಗೆ ಅಕ್ಷತ್ ಕೇಳಿದ ಮೊದಲ ಮಾತು ಅದು. ಬಳಿಕ ಎವುಸೇಬಿಯೊ ಎಷ್ಟೋ ಸಂಗತಿ ಹೇಳಿದ. ಕಗ್ಗೊಲೆಯಾದ ಮೇಲೆ ಶಾಸನಸಭೆ ಬಲ್ದಾರೆಸನನ್ನು ಪ್ರಶ್ನಿಸಿದಾಗ ಅವನು ಎದ್ದು ನಿಂತು, "ನಾನು ಯಾರನ್ನೂ ಕೊಂದಿಲ್ಲ, ನನ್ನ ಬಾಯಿಂದ ಗಣರಾಜ್ಯ ಮಾತನಾಡಿತು," ಎಂದನಂತೆ. "ನಮ್ಮ ಕಣಿವೆಯಲ್ಲಿ ಮಕ್ಕಳಿಗೂ ಆ ವಾಕ್ಯ ಗೊತ್ತು," ಎಂದ ಎವುಸೇಬಿಯೊ. "ಯಾರಾದರೂ ನೆರೆಮನೆಯ ಕೋಳಿ ಕದ್ದು, ಇಲ್ಲವೆಂದು ವಾದಿಸಿದರೆ, ಏನಪ್ಪಾ, ಗಣರಾಜ್ಯ ಕದ್ದಿತೋ ಎಂದು ಕೇಳುತ್ತೇವೆ."

ಎವುಸೇಬಿಯೊ ಸಿಟ್ಟಿನವನಲ್ಲ, ಸಿಟ್ಟಾಗಲು ಅವನಿಗೆ ಅವಕಾಶವೇ ಇರಲಿಲ್ಲ. ಒಮ್ಮೆ ಮೇಲ್ವಿಚಾರಕನೊಬ್ಬ ಎಲ್ಲರೆದುರು ಅವನ ಮುಖಕ್ಕೆ ಕೋಳಿಯ ಕರುಳು ಎಸೆದ. ಎವುಸೇಬಿಯೊ ತೋಳಿನಿಂದ ಒರೆಸಿಕೊಂಡು ಕೆಲಸ ಮುಂದುವರಿಸಿದ. "ಇಲ್ಲಿ ಕಾಯಂ ನೆಲೆಸಲು ಹಾಕಿದ ಅರ್ಜಿ ಇನ್ನೂ ಒಟ್ಟಾವಾದಲ್ಲೇ ಇದೆ," ಎಂದು ಆಮೇಲೆ ಅಕ್ಷತನಿಗೆ ಹೇಳಿದ. "ಒಂದು ಪೊಲೀಸ್ ಕೇಸು ಬಿದ್ದರೆ ನಾನು, ಹೆಂಡತಿ, ಮಗಳು ಎಲ್ಲರೂ ವಿಮಾನ ಹತ್ತಬೇಕು. ಆದ್ದರಿಂದ ನನ್ನ ಕೈಗಳಿಗೆ ಸಿಟ್ಟು ಬರುವುದಿಲ್ಲ."

ಆ ವರ್ಷದ ತಾಳಮದ್ದಳೆಗೆ ಹೊಸ ಪ್ರಸಂಗ ಬೇಕೆಂದು ತಂಡದವರು ಹುಡುಕುತ್ತಿದ್ದರು. ಅಕ್ಷತ್ ಬಲ್ದಾರೆಸನ ಕತೆ ಹೇಳಿದ. ಹೇಸರಗತ್ತೆ ಹೊಡೆಯುವವನ ಮಗ ದೇಶದ ಅಧ್ಯಕ್ಷನಾಗಿ, ಕೊನೆಗೆ ತನ್ನದೇ ಅರಮನೆಯ ಮೆಟ್ಟಿಲ ಮೇಲೆ ಕಣಿವೆಯವರ ಮಚ್ಚಿಗೆ ಬಲಿಯಾದ ಕತೆ. ಭಾಗವತಿಕೆ ಮಾಡುವ ಜಿತೇಶನಿಗೆ ಅದು ಹಿಡಿಸಿತು. ಪದ್ಯಗಳನ್ನು ಅವನೇ ಹೊಸೆದ. ಯಾರು ಯಾವ ಪಾತ್ರಕ್ಕೆ ಎಂಬುದನ್ನು ಎಂದಿನಂತೆ ಅಂಗಾರಣ್ಣ ನಿರ್ಧರಿಸಿದ. ಪಕ್ಕದ ವಿಟ್ಬಿ ಪಟ್ಟಣದಲ್ಲಿ ಬಸ್ಸು ಓಡಿಸಿ ನಿವೃತ್ತನಾದ ಅಂಗಾರಣ್ಣನಂಥ, ಪಾತ್ರವಾಗಿ ಕುಳಿತು ವಾದಿಸುವ ಅರ್ಥಧಾರಿ ಆ ಸೀಮೆಯಲ್ಲಿ ಬೇರೆ ಇರಲಿಲ್ಲ. ಅವನೆದುರು ಕುಳಿತಾಗಲೆಲ್ಲ ಅಕ್ಷತ್ ಸೋತು ಎದ್ದವನೇ.

"ನೀನು ತಂದ ಕತೆ, ನೀನೇ ಬಲ್ದಾರೆಸ್ ಕೂತ್ಕೊ," ಎಂದ ಅಂಗಾರಣ್ಣ. "ಎದುರು ಬರುವವರನ್ನೆಲ್ಲ ನಾನು ನೋಡ್ಕೊಳ್ತೇನೆ. ಕೊನೆಗೆ ನಿನ್ನನ್ನು ಕೊಲ್ಲುವ ಪುಣ್ಯವೂ ನಂಗೇ ಇರ್ಲಿ."

"ಹೇಗೂ ಪ್ರತಿ ಸಲ ಮಾತಲ್ಲಿ ಕೊಲ್ತೀರಲ್ಲ, ಅಂಗಾರಣ್ಣ!"

"ಹಾಗಾದ್ರೆ ನಾನು ಪದ್ಯ ಬರೆದದ್ದು ವೇಸ್ಟು ಮಾರಾಯ," ಎಂದ ಜಿತೇಶ. "ಡೈರೆಕ್ಟ್ ಮಂಗಳವೇ ಹಾಡ್ತೇನೆ, ಎಲ್ರೂ ಬೇಗ ಊಟಕ್ಕೆ ಹೋಗ್ಲಿ."

ಮನೆಗೆ ಬಂದ ಮೇಲೆ ಅಕ್ಷತನ ಹೆಂಡತಿ ತೃಷಾ ಕೇಳಿದಳು. "ನಿಮ್ಮ ಆ ಫ್ರೆಂಡನ್ನು ಕರೀತೀರಾ? ಅವರ ಜನರನ್ನು ಕೊಂದವನ ಕತೆ ಅಲ್ವಾ ಇದು? ಬೇಜಾರಾದ್ರೆ?"

"ಎಂತ ಬೇಜಾರು? ಬಲ್ದಾರೆಸ್ ಸಾಯುವುದನ್ನು ನೋಡ್ಲಿಕ್ಕೇ ಅವನನ್ನು ಕರೆಯುವುದು. ನೀನು ಪಕ್ಕದಲ್ಲಿ ಕೂತು ಇಂಗ್ಲಿಷಲ್ಲಿ ಹೇಳ್ತಾ ಹೋಗು."

ಕರೆದಾಗ ಎವುಸೇಬಿಯೊ ಕೇಳಿದ್ದೂ ಆ ಸಾವಿನ ಬಗ್ಗೆಯೇ. "ಕೊನೆಗೆ ಅವನು ಸಾಯುತ್ತಾನೆ ತಾನೇ?"

"ನಿನ್ನ ಕಣ್ಣೆದುರು," ಎಂದು ಅಕ್ಷತ್ ಮಾತು ಕೊಟ್ಟಿದ್ದ.

ಭಾನುವಾರ ಭವನ ತುಂಬಿತು. ವೇದಿಕೆಯ ಹಿಂದಿನ ಸಾಲಿನಲ್ಲಿ ಜಿತೇಶ, ಅವನ ಎಡಬಲಕ್ಕೆ ಚೆಂಡೆ ಮದ್ದಳೆಯವರು. ಮುಂದೆ ಮೈಕುಗಳ ಎದುರು ಬಿಳಿ ಪಂಚೆ, ಜುಬ್ಬ, ಹೆಗಲ ಮೇಲೆ ಶಾಲು ಹಾಕಿಕೊಂಡು ಅಕ್ಷತ್ ಮತ್ತು ಅಂಗಾರಣ್ಣ ಎದುರುಬದುರು ಕುಳಿತಿದ್ದರು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತ ಪದ್ಯ ಹಾಡುತ್ತಾನೆ. ಅರ್ಥಧಾರಿಗಳು ಕುಳಿತಲ್ಲಿಂದಲೇ ಪಾತ್ರವಾಗಿ ಮಾತಿಗಿಳಿಯುತ್ತಾರೆ. ಎದುರಾಳಿಯನ್ನು ಮಾತಿನಲ್ಲೇ ಕೆಡವಬೇಕು. ತನಗೆ ಬಂದ ಪಾತ್ರ ಎಂಥ ಪಾಪಿಯದೇ ಆಗಿರಲಿ, ಅದರ ಪರವಾಗಿ ಕೊನೆಯ ಉಸಿರಿನವರೆಗೆ ವಾದಿಸಬೇಕು. ಆದರೆ ಸಾವಿನ ಪದ್ಯ ಎತ್ತಿದ ಮೇಲೆ ಸಾಯಬೇಕಾದವನು ಮಾತು ನಿಲ್ಲಿಸಬೇಕು. ಅದು ಅಲ್ಲಿನ ಮರ್ಯಾದೆ.

ಮೊದಲ ಸಾಲಿನಲ್ಲಿ ಎವುಸೇಬಿಯೊ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಳಿತಿದ್ದ. ಮುಂಗೈಯ ಗಾಯದ ಗೆರೆ ತೋಳಿನಂಚಿನಿಂದ ಇಣುಕುತ್ತಿತ್ತು. ಪಕ್ಕದಲ್ಲಿ ತೃಷಾ.

ಪ್ರಸಂಗ ಬಲ್ದಾರೆಸನ ಬಾಲ್ಯದಿಂದ ಶುರುವಾಯಿತು. ಅವನ ತಂದೆ ಹೇಸರಗತ್ತೆಯೊಂದನ್ನು ಪ್ರಪಾತಕ್ಕೆ ಬೀಳಲು ಬಿಟ್ಟನೆಂದು, ಜಮೀನ್ದಾರ ಉಳಿದ ಹೇಸರಗತ್ತೆಯ ಹಿಂದೆ ಅವನನ್ನೇ ಕಟ್ಟಿ ಊರಿನ ಕಲ್ಲುಹಾದಿಯಲ್ಲಿ ಎಳೆಸಿದ. "ನಾನು ಆ ಹಾದಿಯಲ್ಲಿ ಹಿಂದೆ ಹಿಂದೆ ನಡೆದೆ," ಎಂದ ಅಕ್ಷತ್, ಬಲ್ದಾರೆಸನಾಗಿ. "ಮೊದಲು ಅಪ್ಪನ ಟೋಪಿ ಸಿಕ್ಕಿತು. ಆಮೇಲೆ ಅಂಗಿಯ ಚೂರುಗಳು. ಆಮೇಲೆ, ಅಂಗಿಯದಲ್ಲದ ಚೂರುಗಳು. ಎಲ್ಲವನ್ನೂ ಟೋಪಿಯಲ್ಲಿ ತುಂಬಿಕೊಂಡು ಅಮ್ಮನ ಮುಂದಿಟ್ಟೆ. ಅಂದಿನಿಂದ ನಾನು ಬರೆದ ಪ್ರತಿಯೊಂದು ಕಾನೂನಿನ ಮಸಿಯೂ ಆ ಟೋಪಿಯಿಂದ ಅದ್ದಿ ತೆಗೆದದ್ದು."

ಜಮೀನ್ದಾರನಾಗಿ ಕುಳಿತ ಅಂಗಾರಣ್ಣ ಶಾಲು ಸರಿಪಡಿಸಿಕೊಂಡು ಉತ್ತರ ಕೊಟ್ಟ. ತೃಷಾ ಪ್ರತಿ ಮಾತಿಗೂ "ಬಲ್ದಾರೆಸ್ ಹೇಳುತ್ತಾನೆ" ಎಂದು ಸೇರಿಸಿ, ಎವುಸೇಬಿಯೊನ ಕಿವಿಯಲ್ಲಿ ಇಂಗ್ಲಿಷಿಗೆ ತಿರುಗಿಸುತ್ತಿದ್ದಳು.

ಕತೆ ಮುಂದೆ ಸಾಗಿತು. ಪಾದ್ರಿಗಳ ಕೃಪೆಯಿಂದ ಓದಿ ಬಲ್ದಾರೆಸ್ ವಕೀಲನಾದ, ಶಾಸನಸಭೆಗೆ ಹೋದ, ಮಂತ್ರಿಯಾದ. ಗುಲಾಮರನ್ನು ಬಿಡಿಸಿದ, ಬೆಟ್ಟದ ಊರುಗಳಲ್ಲಿ ಶಾಲೆ ತೆರೆದ. ಜಮೀನ್ದಾರರ ಪರ ನಿಂತ ಸೇನಾಪತಿಗಳು ದಂಗೆಯೆದ್ದಾಗ ಅವರನ್ನು ಹಿಡಿದು, ಇಗರ್ಜಿಯ ಗೋಡೆಗೆ ನಿಲ್ಲಿಸಿ ಗುಂಡಿಕ್ಕಿಸಿದ. ಅವರಲ್ಲಿ ಒಬ್ಬ ಅವನ ಮಗಳಿಗೆ ಜ್ಞಾನಸ್ನಾನದಲ್ಲಿ ಧರ್ಮಪಿತನಾಗಿ ನಿಂತವನು. ಗುಂಡು ತಗುಲಿಯೂ ಸಾಯದೆ ಮಣ್ಣು ಕೆರೆಯುತ್ತಿದ್ದ ಅವನ ಕಿವಿಯ ಬಳಿ ಪಿಸ್ತೂಲು ಇಟ್ಟವನು ಬಲ್ದಾರೆಸನೇ. ಕೈತೊಳೆಯದೆ ಬೆಳಗಿನ ರೊಟ್ಟಿ ತಿಂದನಂತೆ. ಮರುವರ್ಷ ಅಧ್ಯಕ್ಷನಾದ.

"ಕೈ ಯಾಕೆ ತೊಳೆಯಲಿಲ್ಲ?" ಎಂದು ಕೇಳಿದ ಅಂಗಾರಣ್ಣ, ಸತ್ತ ಸೇನಾಪತಿಯ ಅಣ್ಣನಾಗಿ.

"ಗೆಳೆಯನ ರಕ್ತಕ್ಕೆ ಅಸಹ್ಯಪಡುವಷ್ಟು ಕೃತಘ್ನ ನಾನಲ್ಲ."

ಚಪ್ಪಾಳೆ ಗುಡುಗಿತು. ಅಂಗಾರಣ್ಣನ ಹಣೆಯಲ್ಲಿ ಅಕ್ಷತ್ ಮೊದಲ ಬಾರಿಗೆ ಬೆವರು ಕಂಡ.

ಎವುಸೇಬಿಯೊ ತೃಷಾಳ ಕಡೆಗೆ ಬಾಗಿದ. "ಇದನ್ನೆಲ್ಲ ಯಾರು ಬರೆದಿದ್ದಾರೆ?"

"ಯಾರೂ ಬರೆದಿಲ್ಲ," ಎಂದಳು ತೃಷಾ ಹೆಮ್ಮೆಯಿಂದ. ತಾಳಮದ್ದಳೆ ನೋಡಲು ಬಂದ ಹೊರಗಿನವರಿಗೆ ಎಲ್ಲರೂ ಹೆಮ್ಮೆಯಿಂದ ಹೇಳುವ ಮಾತು ಅದು. "ಹಾಡು ಮಾತ್ರ ಬರೆದದ್ದು. ಮಾತೆಲ್ಲ ಅವರದೇ. ಬಾಯಿಪಾಠ ಇಲ್ಲ, ರಿಹರ್ಸಲ್ ಇಲ್ಲ. ಈಗ, ಈ ಕ್ಷಣ, ಅಕ್ಷತನ ಒಳಗಿನಿಂದ ಬರ್ತಾ ಇರೋದು."

ಎವುಸೇಬಿಯೊ ತಲೆಯಾಡಿಸಿದ. ಆಮೇಲೆ ಅವನು ವೇದಿಕೆಯಿಂದ ಕಣ್ಣು ಕೀಳಲಿಲ್ಲ.

ಉಪ್ಪಿನ ಕಣಿವೆಯ ಭಾಗ ಬಂತು. ಬೆಟ್ಟ ಸೀಳಿ ರೈಲು ತರಬೇಕೆಂದು ಬಲ್ದಾರೆಸ್ ಕಣಿವೆಯ ಉಪ್ಪನ್ನು ಸರ್ಕಾರದ ಸೊತ್ತೆಂದು ಸಾರಿದ. ಅಜ್ಜಂದಿರ ಕಾಲದಿಂದ ಆ ಉಪ್ಪು ತೆಗೆಯುತ್ತಿದ್ದವರು ಒಪ್ಪಲಿಲ್ಲ. ಅಳತೆಗೆ ಬಂದವರನ್ನು ಕೊಂದು ಅವರ ಬಾಯಿಗೆ ಉಪ್ಪು ತುರುಕಿ ಕಳುಹಿಸಿದರು. ಬಲ್ದಾರೆಸ್ ಸೈನ್ಯ ಕಳುಹಿಸಿದ. ಗಂಡಸರನ್ನು ಸಾಲಾಗಿ ಕಡಿದರು. ಹೆಂಗಸರನ್ನೂ ಮಕ್ಕಳನ್ನೂ ಉಪ್ಪಿನ ಉಗ್ರಾಣಕ್ಕೆ ದೂಡಿ, ಬಾಗಿಲಿಗೆ ಅಗುಳಿ ಹಾಕಿ, ಚಾವಣಿಗೆ ಬೆಂಕಿ ಕೊಟ್ಟರು. ಜಿತೇಶನ ಪದ್ಯ ಆ ಬೆಂಕಿಯನ್ನು ಏರುಸ್ವರದಲ್ಲಿ ಹಾಡಿತು. ಚೆಂಡೆ ಎದೆಗೂಡಿಗೆ ಬಡಿಯಿತು.

ಈಗ ಅಂಗಾರಣ್ಣ ಕಣಿವೆಯ ಮುಖಂಡ ಮಾಯ್ತಾ. ಅರಮನೆಯ ಮೆಟ್ಟಿಲಲ್ಲಿ, ಕಂಬಳಿಯೊಳಗೆ ಮಚ್ಚು ಅಡಗಿಸಿಕೊಂಡು, ಬಲ್ದಾರೆಸನನ್ನು ಅಡ್ಡಗಟ್ಟಿದವನು.

"ಹೆರೊನಿಮೊ, ನಿನ್ನ ತಂದೆಯನ್ನು ಕತ್ತೆಗೆ ಕಟ್ಟಿ ಎಳೆಸಿದವನಿಗೂ ನಿನಗೂ ಏನು ವ್ಯತ್ಯಾಸ?"

"ಅವನು ತನ್ನ ಅಭಿಮಾನಕ್ಕಾಗಿ ಕೊಂದ. ನಾನು ಇನ್ನೂ ಹುಟ್ಟದವರ ಅನ್ನಕ್ಕಾಗಿ ಕೊಂದೆ."

"ಹುಟ್ಟದವರಿಗೆ ಅನ್ನ ಕೊಡಲು ಹುಟ್ಟಿದವರನ್ನು ಸುಟ್ಟೆಯಾ?"

"ಅಳತೆಗೋಲು ಹಿಡಿದು ಬಂದ ಬಡಪಾಯಿಗಳ ಗಂಟಲಿಗೆ ಉಪ್ಪು ತುಂಬಿದ ಕೈ ಯಾರದು, ಮಾಯ್ತಾ? ನನ್ನ ಬೆಂಕಿಯ ಮೊದಲ ಕಿಡಿ ನಿನ್ನ ಉಗುರಿನಲ್ಲಿದೆ. ನೋಡಿಕೋ."

ಅಂಗಾರಣ್ಣ ತನ್ನ ಉಗುರುಗಳನ್ನು ನೋಡಿಕೊಂಡುಬಿಟ್ಟ. ಸಭೆ ಹೋ ಎಂದಿತು. ಜಿತೇಶ ಸಮಯವಾಯಿತೆಂದು ಸಾವಿನ ಪದ್ಯ ಎತ್ತಿಕೊಂಡ. ಅಕ್ಷತ್ ಅದರ ಮೊದಲ ಸಾಲಿನ ಮೇಲೆಯೇ ಮಾತು ಹೂಡಿ ಪದ್ಯವನ್ನು ತಡೆದ. ಜಿತೇಶ ಮತ್ತೆ ಎತ್ತಿದ. ಅಕ್ಷತ್ ಮತ್ತೆ ತಡೆದ. ಇಷ್ಟು ವರ್ಷ ಈ ಮುದುಕನೆದುರು ತಲೆತಗ್ಗಿಸಿ ಎದ್ದು ಹೋಗಿದ್ದಾನೆ. ಗೆಲುವು ಇನ್ನೊಂದೇ ಮಾತಿನ ದೂರದಲ್ಲಿರುವಾಗ ಹೇಗೆ ಸಾಯುವುದು?

"ಪದ್ಯ ಆಯ್ತು, ಮಾರಾಯ," ಎಂದು ಅಂಗಾರಣ್ಣ ಮೈಕಿನಿಂದ ಬಾಯಿ ಸರಿಸಿ ಗೊಣಗಿದ. "ಸಾಯು ಇನ್ನು."

ಅಕ್ಷತ್ ಕೇಳಿಸಿಕೊಳ್ಳಲಿಲ್ಲ.

ಮಾಯ್ತಾನಾಗಿ ಅಂಗಾರಣ್ಣ ಕೊನೆಯ ಬಾಣ ಬಿಟ್ಟ. "ಬೇರೆಲ್ಲ ಬಿಡು. ಕಣಿವೆಯ ಕೂಸುಗಳು ನಿನಗೇನು ಮಾಡಿದ್ದವು? ಅದಕ್ಕೊಂದು ಉತ್ತರ ಹೇಳಿ ಸಾಯಿ."

ಉತ್ತರ ಅಕ್ಷತನ ನಾಲಿಗೆಯ ತುದಿಗೆ ತಾನಾಗಿ ಬಂತು. ಬರುತ್ತಿರುವಾಗಲೇ ಅದು ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿತ್ತು. ಊಟದ ಮೇಜು, ಮುಂದಕ್ಕೆ ತಳ್ಳಿದ ಡಬ್ಬಿ, ತಟ್ಟೆಯ ಕಡೆಗೆ ನೆಟ್ಟ ಕಣ್ಣುಗಳು ಎಲ್ಲವೂ ಅವನ ಮುಂದೆ ಹಾದುಹೋದವು. ಮೊದಲ ಸಾಲಿನತ್ತ ಒಮ್ಮೆ ನೋಡಿದ ಕೂಡ. ಆದರೂ ಬಲಗೈ ಎತ್ತಿ, ಅಂಗೈಯನ್ನು ಸಭೆಗೆ ಚಾಚಿದ.

"ಕೂಸುಗಳೇ? ಉಪ್ಪಿನ ಗುಂಡಿಯಲ್ಲಿ ಅಡಗಿದ್ದ ಆ ಒಂದು ಕೂಸಿನ ಸುದ್ದಿ ಹೇಳು, ಮಾಯ್ತಾ. ನನ್ನ ಸೈನಿಕರು ಅದನ್ನು ಕಂಡೂ ಇರಲಿಲ್ಲ. ಬಾಯಿ ಮೂಗು ಮುಚ್ಚಿ ಉಸಿರು ನಿಲ್ಲಿಸಿದ್ದು ಹೆತ್ತವಳ ಅಂಗೈ. ತನ್ನ ಜೀವ ಉಳಿಸಿಕೊಳ್ಳಲು ಒಂದು ಕೂಸನ್ನು ಕೊಂದ ತಾಯಿಯನ್ನು ನೀನು ದುಃಖಿ ಎನ್ನುತ್ತೀ. ಒಂದು ದೇಶದ ಜೀವ ಉಳಿಸಲು ಕೊಂದ ನನ್ನನ್ನು ಕಟುಕ ಎನ್ನುತ್ತೀ. ಅವಳಿಗೂ ನನಗೂ ಇರುವುದು ಅಂಗೈಯ ಅಳತೆಯ ವ್ಯತ್ಯಾಸವಷ್ಟೆ!"

ಅಂಗಾರಣ್ಣನಿಗೆ ಈ ಕೂಸಿನ ಕತೆ ಗೊತ್ತಿರಲಿಲ್ಲ. ಈ ಸಲ ತಲೆತಗ್ಗಿಸಿದವನು ಅವನು. ಭವನ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕೆಳಗೆ ತೃಷಾ, ಮಾತಿನ ಓಟದಲ್ಲಿ ತಾನೂ ಓಡುತ್ತ, ಅಂಗೈಯವರೆಗೂ ಇಂಗ್ಲಿಷಿಗೆ ತಿರುಗಿಸಿ, ಪಕ್ಕದ ಮುಖವನ್ನು ಕಂಡು ತಟ್ಟನೆ ನಿಲ್ಲಿಸಿದಳು.

ಎವುಸೇಬಿಯೊ ಆಗಲೇ ಎದ್ದಿದ್ದ.

ಅವನು ಓಡಲಿಲ್ಲ. ಮೆಟ್ಟಿಲು ಹತ್ತಿ ಬಂದು, ಮೈಕನ್ನು ಪಕ್ಕಕ್ಕೆ ಸರಿಸಿ, ಅಕ್ಷತನ ಚಾಚಿದ ಬಲಗೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. ಅಭಿನಂದಿಸಲು ಬಂದನೆಂದು ಅಕ್ಷತ್ ನಕ್ಕ. ಅವನ ಹೆಬ್ಬೆರಳು ಮಣಿಕಟ್ಟಿನ ಮೇಲೆ ಏನನ್ನೋ ಹುಡುಕುತ್ತಿರುವುದು ಅರಿವಾದಾಗ ನಗು ಇನ್ನೂ ಮುಖದ ಮೇಲೇ ಇತ್ತು. ಒಂದು ತಿರುವು. ಟಕ್ಕೆಂದ ಸದ್ದು ಬದಿಗೆ ಸರಿದ ಮೈಕಿನಿಂದ ಇಡೀ ಭವನಕ್ಕೆ ಕೇಳಿಸಿತು.

ಸಭೆ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿತು. ಕಣಿವೆಯವನು ಬಂದು ಬಲ್ದಾರೆಸನನ್ನು ಕೊಲ್ಲುವಂತೆ ಏರ್ಪಾಡು ಮಾಡಿದ್ದಾರೆ, ಎಂಥ ಹೊಸ ಬಗೆ ಎಂದುಕೊಂಡರು. ಚೆಂಡೆಯವನೂ ಹಾಗೆಯೇ ತಿಳಿದು ಬಡಿತವನ್ನು ಏರಿಸಿದ. ಜಿತೇಶ ಸಾವಿನ ಪದ್ಯವನ್ನು ಮೂರನೆಯ ಬಾರಿ ಎತ್ತಿಕೊಂಡ. ಆ ಹಾಡಿನಡಿಯಲ್ಲಿ ಅಕ್ಷತನ ಕಿರುಚಾಟ, ಯಂತ್ರದ ಸದ್ದಿನಲ್ಲಿ ಮುಳುಗಿದಂತೆಯೇ, ಮುಳುಗಿಹೋಯಿತು. ಎವುಸೇಬಿಯೊ ಅವನ ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಚಿದ. ಆಮೇಲೆ ಅಂಗಾರಣ್ಣನ ಪಕ್ಕದ ಮರದ ಸ್ಟೂಲನ್ನು ಎತ್ತಿ ಅಕ್ಷತನ ದವಡೆಗೆ ಬೀಸಿದ. ಹಲ್ಲೊಂದು ಮದ್ದಳೆಯ ಚರ್ಮದ ಮೇಲೆ ಬಿದ್ದು ಪುಟಿಯಿತು. ಬಿಳಿ ಜುಬ್ಬದ ಎದೆಯ ಮೇಲೆ ರಕ್ತ ಹರಡಿತು.

ಮೊದಲು ಅರ್ಥವಾದದ್ದು ಅಂಗಾರಣ್ಣನಿಗೆ. "ನಿಲ್ಸಾ! ಚೆಂಡೆ ನಿಲ್ಸಾ!" ಎಂದು ಅರಚುತ್ತ ಅವನು ಇಬ್ಬರ ನಡುವೆ ಬಿದ್ದ. ಮತ್ತೆ ಮೇಲೆದ್ದ ಸ್ಟೂಲು ಅವನ ಹೆಗಲಿಗೆ ಅಪ್ಪಳಿಸಿತು. ಮುದುಕನ ನರಳು ಕೇಳಿ ಎವುಸೇಬಿಯೊ ನಿದ್ದೆಯಿಂದ ಎಚ್ಚೆತ್ತವನಂತೆ ನಿಂತ. ಸ್ಟೂಲನ್ನು ನೆಲದ ಮೇಲಿಟ್ಟು, ಅದರ ಮೇಲೆಯೇ ಕುಳಿತು, ತನ್ನ ಕೈಗಳನ್ನು ನೋಡಿಕೊಂಡ.

ತುಳುವರ ಬಳಗದ ಅಧ್ಯಕ್ಷ ಚಂದ್ರಮೋಹನ ಪೊಲೀಸರಿಗೆ ಫೋನ್ ಮಾಡಿದ. ಆಂಬುಲೆನ್ಸೂ ಪೊಲೀಸರೂ ಒಟ್ಟಿಗೇ ಬಂದರು. ಅಕ್ಷತನ ಕೈಗೆ ಪಟ್ಟಿ ಕಟ್ಟುತ್ತಿರುವಾಗ ಒಬ್ಬ ಮಹಿಳಾ ಅಧಿಕಾರಿ ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಳು. ಇನ್ನೊಬ್ಬ ಅಧಿಕಾರಿ ಎವುಸೇಬಿಯೊಗೆ ಬೇಡಿ ಹಾಕಿದ. ಎವುಸೇಬಿಯೊ ತಾನಾಗಿ ಕೈ ಮುಂದೆ ಚಾಚಿದ್ದ. ಗಾಯದ ಗೆರೆಯ ಮೇಲೆ ಬೇಡಿ ಕುಳಿತಿತು.

"ಒಂದು ವಿಷಯ ನನಗೆ ಸ್ಪಷ್ಟವಾಗಬೇಕು," ಎಂದಳು ಅಧಿಕಾರಿ. "ಇವನು ಸುಮ್ಮನೆ ಬಂದು ನಿನ್ನ ಮೇಲೆ ಬಿದ್ದನೋ? ಅಥವಾ ನೀನು ಅವನಿಗೆ ಏನಾದರೂ ಹೇಳಿದ್ದೆಯೋ? ಕೆಣಕಿದ್ದೆಯೋ? ಎರಡೂ ಒಂದೇ ಅಲ್ಲ. ಅವನ ಮುಂದಿನ ಗತಿಗೆ ಅದು ಬಹಳ ಮುಖ್ಯ."

ಅಕ್ಷತನಿಗೆ ಎಲ್ಲವೂ ಗೊತ್ತಿತ್ತು. ಒಟ್ಟಾವಾದಲ್ಲಿದ್ದ ಅರ್ಜಿ, ಹೆಂಡತಿ, ಮಗಳು, ವಿಮಾನ. ಅವನ ಒಂದು ಮಾತಿನಿಂದ ಆ ಬೇಡಿ ಎಷ್ಟೋ ಸಡಿ‌ಲವಾಗುತ್ತಿತ್ತು. ಆದರೆ ದವಡೆ ಉರಿಯುತ್ತಿತ್ತು. ಕೈಯ ಜಾಗದಲ್ಲಿ ಬರಿಯ ನೋವು ತೂಗುತ್ತಿತ್ತು. ಸುತ್ತ ನಿಂತ ಜನರೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದರು. ಅರ್ಥಧಾರಿಯನ್ನು ಇಂದಿನವರೆಗೆ ಯಾರೂ ವೇದಿಕೆಯಿಂದಿಳಿದ ಮೇಲೆ ಹೀಗೆ ಕೇಳಿದ್ದಿಲ್ಲ.

"ನಾನು ಅವನಿಗೆ ಏನೂ ಹೇಳಿಲ್ಲ," ಎಂದ, ಒಡೆದ ತುಟಿಗಳ ನಡುವಿನಿಂದ. "ನಾನಲ್ಲ ಮಾತನಾಡಿದ್ದು. ನನ್ನ ಬಾಯಿಂದ ಪಾತ್ರ ಮಾತನಾಡಿತು."

ಎವುಸೇಬಿಯೊ ನಕ್ಕ. ಹೊಟ್ಟೆಯಿಂದೆದ್ದ, ಒಣಗಿದ ನಗು. ಬೇಡಿ ತೊಟ್ಟ ಕೈಗಳನ್ನು ಮಡಿಲಲ್ಲಿಟ್ಟು, ತನ್ನ ಭಾಷೆಯಲ್ಲಿ ಒಂದು ವಾಕ್ಯ ಹೇಳಿದ. ಅಲ್ಲಿದ್ದವರಿಗೆ ಯಾರಿಗೂ ಆ ಭಾಷೆ ಬಾರದು. ಆದರೆ ಊಟದ ಮೇಜಿನಲ್ಲಿ ಆ ವಾಕ್ಯವನ್ನು ಎಷ್ಟೋ ಸಲ ಕೇಳಿದ್ದ ಅಕ್ಷತನಿಗೆ ಅರ್ಥವಾಯಿತು. ಕೋಳಿ ಕದ್ದವನಿಗೆ ಕಣಿವೆಯವರು ಕೇಳುವ ಪ್ರಶ್ನೆ ಅದು.

ಅಕ್ಷತ್ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಾಯಿ ತೆರೆದರೆ ರಕ್ತ ಉಕ್ಕಿ ಬಂತು. ಆಂಬುಲೆನ್ಸಿನ ಶುಶ್ರೂಷಕ ಹತ್ತಿಯ ಉಂಡೆ ತುರುಕಿ, ಇನ್ನು ಮಾತನಾಡಬೇಡವೆಂದ. ಅಧಿಕಾರಿ ಅವನ ಹೇಳಿಕೆಯನ್ನು ಬರೆದುಕೊಂಡು ಎದ್ದಾಗಿತ್ತು.

"ಇಲ್ಲಿ ಯಾರೋ ಅವನಿಗೆ ಇಂಗ್ಲಿಷಿಗೆ ಅನುವಾದ ಮಾಡುತ್ತಿದ್ದರಂತೆ, ಯಾರದು?" ಎಂದು ಅವಳು ಗುಂಪನ್ನು ಕೇಳಿದಳು.

ಗುಂಪು ಸರಿದು ತೃಷಾಳನ್ನು ಮುಂದೆ ಬಿಟ್ಟಿತು.

"ಅದೆಲ್ಲ ಈಗ ಎಂತಕ್ಕೆ, ತೃಷಾ?" ಎಂದು ಚಂದ್ರಮೋಹನ ಮೆಲ್ಲಗೆ ಗದರಿದ. "ಗಂಡನ ಅವಸ್ಥೆ ನೋಡು. ಗೊತ್ತಿಲ್ಲ ಹೇಳಿ ಬಿಟ್ಬಿಡು."

ತೃಷಾ ಗಂಡನ ಮುಖ ನೋಡಿದಳು. ಹತ್ತಿ ತುಂಬಿದ ಬಾಯಿಯ ಮೇಲೆ ಅವನ ಕಣ್ಣುಗಳು ಏನನ್ನೋ ಬೇಡುತ್ತಿದ್ದವು. ಹೇಳು ಎನ್ನುತ್ತಿದ್ದವೋ ಬೇಡವೆನ್ನುತ್ತಿದ್ದವೋ, ಅಷ್ಟು ವರ್ಷ ಜೊತೆಗೆ ಬಾಳಿದ ಅವಳಿಗೂ ತಿಳಿಯಲಿಲ್ಲ. ಅಕ್ಷತನಿಗೂ ಆ ಕ್ಷಣ ತಿಳಿದಿರಲಿಲ್ಲ. ಅವಳು ಬೇಡಿ ತೊಟ್ಟ ಕೈಗಳನ್ನು ನೋಡಿದಳು. ಅವುಗಳಿಂದಲೇ ತನ್ನ ಗಂಡನ ಕೈ ಇಷ್ಟು ದಿನ ಮೈಗಂಟಿಕೊಂಡಿತ್ತು.

"ನನ್ನ ಗಂಡ ಹೇಳಿದ್ದು," ಎಂದು ಅವಳು ಇಂಗ್ಲಿಷಿನಲ್ಲಿ ಶುರುಮಾಡಿದಳು. ಮಧ್ಯಾಹ್ನವಿಡೀ ಪ್ರತಿ ಮಾತಿಗೂ ಸೇರಿಸಿದ್ದ ಬಲ್ದಾರೆಸನ ಹೆಸರನ್ನು ಈಗ ಸೇರಿಸಲಿಲ್ಲ. ಎವುಸೇಬಿಯೊ ಊಟದ ಮೇಜಿನಲ್ಲಿ ಅಕ್ಷತನನ್ನು ನಂಬಿ ಹೇಳಿದ, ಅಕ್ಷತ್ ಮನೆಯಲ್ಲಿ ತನ್ನೊಬ್ಬಳಿಗೇ ತಿಳಿಸಿದ್ದ ಕತೆ ಅದೆಂದು ಹೇಳಿದಳು. ಆಮೇಲೆ ಉಪ್ಪಿನ ಗುಂಡಿ, ಕೂಸು, ಬಾಯಿ, ಮೂಗು. ಒಂದು ಪದವನ್ನೂ ಬಿಡಲಿಲ್ಲ. ತಾಯಿಯ ಅಂಗೈಗೆ ಬಂದಾಗಲೂ ಈ ಸಲ ನಿಲ್ಲಿಸಲಿಲ್ಲ.

ಅಧಿಕಾರಿ ತಾನು ಬರೆದುಕೊಂಡದ್ದರ ಮೇಲೆ ಒಂದು ಗೀರು ಎಳೆದಳು. ಎವುಸೇಬಿಯೊ ಕಣ್ಣು ಮುಚ್ಚಿಕೊಂಡ. ಅಕ್ಷತ್ ಮಲಗಿದಲ್ಲಿಂದಲೇ ಕೇಳುತ್ತ ಹೋದ. ಅವನ ಮಾತು ಅವನ ಹೆಂಡತಿಯ ದನಿಯಲ್ಲಿ ಬಂದು ಎದುರು ಕುಳಿತಿತ್ತು.

ವೇದಿಕೆಯ ಮೂಲೆಯಲ್ಲಿ ಜಿತೇಶ ತಾಳವನ್ನು ಕೈಯಲ್ಲೇ ಹಿಡಿದು ನಿಂತಿದ್ದ. ಪ್ರಸಂಗ ಹೇಗೇ ಮುಗಿಯಲಿ, ಮಂಗಳ ಹಾಡದೆ ವೇದಿಕೆ ಬಿಡುವಂತಿಲ್ಲ. "ಹಾಡಲಾ, ಅಂಗಾರಣ್ಣ?" ಎಂದು ಪಿಸುಗುಟ್ಟಿದ.

ಅಂಗಾರಣ್ಣ ಊದಿಕೊಂಡ ಹೆಗಲನ್ನು ಒತ್ತಿ ಹಿಡಿದು ತೃಷಾಳ ಕಡೆಗೇ ನೋಡುತ್ತಿದ್ದ.

"ತಡಿ ಮಾರಾಯ," ಎಂದ. "ಅವಳದ್ದು ಇನ್ನೂ ಮುಗೀಲಿಲ್ಲ."